ಕೂದಲು ಹೋಗುತ್ತಿದ್ದ ದಾರಿ

ಪಾರ್ಲರಿನ ಕಸದ ಮೇಲೆ ಯಾರಿಗಾದರೂ ಕಣ್ಣು ಬೀಳುತ್ತದೆಯೇ? ಬೀದಿಯವರೆಲ್ಲ ಕತ್ತರಿ ಅಕ್ಕ ಎಂದು ಕರೆಯುತ್ತಿದ್ದ ಪಾರ್ಲರಿನೊಡತಿಯ ಗಂಡನಿಗೆ ಬಿದ್ದಿತ್ತು. ಗ್ಯಾರೇಜು ಇಟ್ಟುಕೊಂಡಿದ್ದ ಆ ಮೆಕ್ಯಾನಿಕ್ ಕೆಲವು ತಿಂಗಳಿಂದ ಸಂಜೆ ಹೆಂಡತಿಯ ಪಾರ್ಲರಿಗೆ ಬಂದು, ತಾನೇ ನೆಲ ಗುಡಿಸಿ, ಕತ್ತರಿಸಿ ಬಿದ್ದ ಕೂದಲನ್ನೆಲ್ಲ ಬಟ್ಟೆಚೀಲಕ್ಕೆ ತುಂಬಿ ಒಯ್ಯುತ್ತಿದ್ದ. ಮನೆಯಲ್ಲಾದರೋ ತಾನು ಕುಡಿದ ಲೋಟ ಎತ್ತಿಟ್ಟವನಲ್ಲ.

"ಏನ್ರೀ ಮಾಡ್ತೀರಿ ಅದನ್ನ?"

"ಬೇಕು, ಬಿಡೇ."

ಅಷ್ಟೇ ಉತ್ತರ. ಕುರ್ಚಿಯಲ್ಲಿ ಕೂತ ಹೆಂಗಸರಿಂದ ಇಡೀ ಬೀದಿಯ ಸುದ್ದಿ ಬಾಯಿ ಬಿಡಿಸುವ ಅಕ್ಕನಿಗೆ ಸ್ವಂತ ಗಂಡನ ಬಾಯಿ ಬಿಡಿಸಲಾಗಲಿಲ್ಲ. ತಲೆಗೆ ಹುಳ ಬಿಟ್ಟಂತಾಯಿತು.

ಒಂದು ದಿನ ಹುಡುಗಿಯೊಬ್ಬಳು ಸೊಂಟದುದ್ದದ ಜಡೆ ಕತ್ತರಿಸಿಕೊಂಡು, ಅದನ್ನು ಅಲ್ಲೇ ಬಿಟ್ಟು ಹೋದಳು. ಗಂಡ ಅದನ್ನೂ ಖುಷಿಯಿಂದ ಚೀಲಕ್ಕೆ ಇಳಿಸಿದ. ಅಕ್ಕನಿಗೆ ಥಟ್ಟನೆ ಹೊಳೆಯಿತು. ವಿಗ್ ಮಾಡಿಸುತ್ತಿದ್ದಾನೆ, ತನಗೆ!

ಹಿಂದೆ ಜ್ವರ ಬಂದು ಹಾಸಿಗೆ ಹಿಡಿದಾಗ ಅವಳ ಕೂದಲು ಹಿಡಿ ಹಿಡಿಯಾಗಿ ಉದುರಿತ್ತು. ಈಗ ಬೆರಳಗಲ ಚಿಗುರಿದ್ದರೂ ಸ್ಕಾರ್ಫ್ ಇಲ್ಲದೆ ಅವಳು ಹೊಸ್ತಿಲು ದಾಟುತ್ತಿರಲಿಲ್ಲ. ಆ ತಲೆಯ ಬಗ್ಗೆ ಗಂಡ ಒಂದೇ ಒಂದು ಮಾತು ಆಡಿರಲಿಲ್ಲ. ತನ್ನ ಜೊತೆ ನಡೆಯಲು ಅವನಿಗೆ ನಾಚಿಕೆಯೇ ಎಂಬ ಪ್ರಶ್ನೆ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು.

ಪ್ರೇಮಿಗಳ ದಿನ ಬೇರೆ ಹತ್ತಿರ ಬಂತು. ಹೋದ ವರ್ಷ ಅವನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಗುಲಾಬಿಯನ್ನೂ ಒಂದು ಹೊಳೆಯುವ ಬಲೂನನ್ನೂ ತಂದಿದ್ದ. ಅಕ್ಕ ಉಗಿದು ಉಪ್ಪಿನಕಾಯಿ ಹಾಕಿದ್ದಳು. "ಹೂ ನಾಳೆ ಬಾಡತ್ತೆ, ಈ ಪ್ಲಾಸ್ಟಿಕ್ಕು ನಾವು ಸತ್ತ ಮೇಲೂ ಇರತ್ತೆ. ಎಸೆಯೋ ಅಂಥದ್ದು ಇನ್ಮೇಲೆ ಏನೂ ತರ್ಬೇಡಿ." ವಿಗ್ ಎಸೆಯುವಂಥದ್ದಲ್ಲ, ನಿಜ. ದಿನಾ ತಲೆಯ ಮೇಲೆ ಹೊರುವಂಥದ್ದು.

ಪ್ರೇಮಿಗಳ ದಿನದ ಸಂಜೆ ಅವನು ಚೀಲ ಹಿಡಿದು ಹೊರಟದ್ದೇ ತಡ, ಅಕ್ಕ ಪಾರ್ಲರಿಗೆ ಬೀಗ ಜಡಿದು ಹಿಂಬಾಲಿಸಿದಳು. ಅವನು ಗ್ಯಾರೇಜಿನ ಹಿಂದಿನ ಕಬ್ಬಿಣದ ಏಣಿ ಹತ್ತಿ ತಾರಸಿಗೆ ಹೋದ. ನನಗೆ ಬೇಡ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಬೇಕೆಂದುಕೊಳ್ಳುತ್ತ ಅವಳೂ ಹತ್ತಿದಳು.

ತಾರಸಿಯಲ್ಲಿ ಗಂಡ ಕುಕ್ಕರಗಾಲಲ್ಲಿ ಕೂತಿದ್ದ. ಮುಂದೊಂದು ಒಡೆದ ಬಕೆಟ್ಟು, ಅದರಲ್ಲೊಂದು ಗುಲಾಬಿ ಗಿಡ. ಗಿಡದಲ್ಲಿ ಒಂದೇ ಮೊಗ್ಗು, ಆಗಷ್ಟೇ ಬಾಯಿ ಬಿಟ್ಟಿತ್ತು. ಅವನು ಬುಡಕ್ಕೆ ಕೂದಲು ಹಾಸಿ ಮಣ್ಣು ಮುಚ್ಚುತ್ತಿದ್ದ.

"ವಿಗ್ ಎಲ್ಲಿ?" ಅಂದಳು ಅಕ್ಕ.

ಅವನು ಬೆಚ್ಚಿಬಿದ್ದು ತಿರುಗಿದ. "ಯಾವ ವಿಗ್ಗು?"

"ಈ ಕೂದಲು ಮತ್ಯಾಕೆ?"

"ಗೊಬ್ಬರಕ್ಕೆ. ಮಣ್ಣಲ್ಲಿ ನಿಧಾನಕ್ಕೆ ಕರಗತ್ತಂತೆ, ಗಿಡ ಮಾರೋರು ಹೇಳಿದ್ರು. ಎಸೆಯೋ ಅಂಥದ್ದು ಬೇಡ ಅಂದಿದ್ಯಲ್ಲ. ಇವತ್ತಿಗೆ ಪೂರ್ತಿ ಅರಳಬೇಕಿತ್ತು. ಗಾಡಿ ಆಗಿದ್ರೆ ಹೇಳಿದ ದಿನಕ್ಕೆ ರೆಡಿ ಮಾಡ್ತಿದ್ದೆ."

"ಗಾಡಿನಾದ್ರೂ ಯಾವತ್ತು ಹೇಳಿದ ದಿನಕ್ಕೆ ಕೊಟ್ಟಿದ್ದೀರಿ?" ಅವಳು ಬಕೆಟ್ಟಿನ ಪಕ್ಕ ಕೂತು ಮಣ್ಣು ಕೆದಕಿದಳು. ಕುತೂಹಲ ಇನ್ನೂ ತಣಿದಿರಲಿಲ್ಲ. "ಮೊದಲು ಯಾರ ಕೂದಲು ಹಾಕಿದ್ರಿ?"

ಅವನು ಕತ್ತು ಕೆರೆದುಕೊಂಡ. "ನಿಂದೇ. ಜ್ವರದಲ್ಲಿ ದಿಂಬಿನ ಮೇಲೆ ಉದುರ್ತಿತ್ತಲ್ಲ, ಕಸಕ್ಕೆ ಹಾಕೋಕೆ ಮನಸ್ಸು ಬರ್ಲಿಲ್ಲ."

"ನನ್ನ ತಲೆ ಬಗ್ಗೆ ಒಂದು ಮಾತೂ ಆಡ್ಲಿಲ್ಲ ನೀವು."

"ಆಡಿದ್ರೆ ಅಳ್ತೀಯ ಅಂತ."

ಅಕ್ಕ ಈಗಲೇ ಅತ್ತುಬಿಟ್ಟಳು.

ಗಾಳಿಗೆ ಗಿಡ ವಾಲುತ್ತಿತ್ತು. ಪಕ್ಕದಲ್ಲಿ ನೆಟ್ಟಿದ್ದ ಆಸರೆಕೋಲಿಗೆ ಕಟ್ಟಲು ಅವನು ಜೇಬಿನಿಂದ ಪ್ಲಾಸ್ಟಿಕ್ ದಾರ ತೆಗೆದ. ಹೆಂಡತಿಯ ಮುಖ ನೋಡಿ ತೆಪ್ಪಗೆ ಒಳಗಿಟ್ಟುಕೊಂಡ. ಅಕ್ಕ ತಲೆಯ ಸ್ಕಾರ್ಫ್ ಬಿಚ್ಚಿ, ಗಿಡವನ್ನು ಕೋಲಿಗೆ ಮೆತ್ತಗೆ ಕಟ್ಟಿದಳು.

"ಹೀಗೇ ಬರ್ತೀಯಾ ಮನೆಗೆ?"

"ನಿಮಗೆ ನಾಚಿಕೆ ಆಗಲ್ಲ ಅಂದ್ರೆ."

ಅವನು ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡು ಅವಳ ಕೈ ಹಿಡಿದ. ಮನೆಗೆ ಹತ್ತಿರದ ಓಣಿಯೊಂದಿತ್ತು. ಅದನ್ನು ಬಿಟ್ಟು, ದೀಪ ಹಚ್ಚಿದ ಅಂಗಡಿಗಳಿದ್ದ ದೊಡ್ಡ ಬೀದಿಯಲ್ಲೇ ಅವಳನ್ನು ಕರೆದುಕೊಂಡು ಹೋದ.