ಹಸಿರು ನೂಲಿನ ಎರಡು ಬೆಡ್‌ಶೀಟು

"ವಾಕ್ಯದ ಕೊನೇಲಿ ಡಸ್ ಎಲ್ಲಿ ಹೋಯ್ತು ಅತ್ತೆ? ಮತ್ತೆ ನುಂಗಿಬಿಟ್ರಲ್ಲ!"

ಸೊಸೆ ತಲೆ ಬಾಚಿಕೊಳ್ಳುತ್ತಲೇ ಗದರಿದಳು. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಮನೆಗೆ ಬಂದರೂ ಬೆತ್ತ ಕೆಳಗಿಡುವವಳಲ್ಲ. ಅತ್ತೆ ದೊಡ್ಡಕ್ಕ ಊಟದ ಡಬ್ಬಿಯ ಮುಚ್ಚಳ ಒತ್ತುತ್ತ ಇನ್ನೊಮ್ಮೆ ಹೇಳಿದಳು: "ಮೈ ಸನ್ ಸ್ಲೀಪ್ಸ್ ಮೋರ್ ದ್ಯಾನ್ ಮೈ ಹಸ್ಬೆಂಡ್... ಡಸ್."

"ಬೆಳಗ್ಗೆ ಬೆಳಗ್ಗೆ ನನ್ನ ಯಾಕೆ ಎಳೀತೀರಿ ಮಧ್ಯಕ್ಕೆ?" ಒಳಗಿನಿಂದ ಗಂಡನ ದನಿ ಬಂತು. ಮಗನಿಗೆ ಇದ್ಯಾವುದೂ ಕೇಳಿಸಲಿಲ್ಲ. ಅವನಿನ್ನೂ ಎದ್ದೇ ಇರಲಿಲ್ಲ.

"ಇನ್ನೊಂದು ನೆನಪಿಟ್ಕೊಳ್ಳಿ. ಹೋಲಿಸೋವಾಗ ಎರಡೂ ಕಡೆ ಸಮ ಇರ್ಬೇಕು. ನಿಮ್ಮ ಅಡುಗೇನ ನನ್ನ ಅಡುಗೆ ಜೊತೆ ಹೋಲಿಸ್ಬೇಕು, ನನ್ನ ಜೊತೆ ಅಲ್ಲ."

"ನಿನ್ನ ಅಡುಗೆ ಜೊತೆನಾ? ನನ್ನ ಅಡುಗೆ ಏನು ಪಾಪ ಮಾಡಿತ್ತೇ!" ಎಂದು ದೊಡ್ಡಕ್ಕ ಚಪ್ಪಲಿ ಮೆಟ್ಟಿದಳು. ನಕ್ಕಳು ನಿಜ, ಆದರೆ ಇವತ್ತು ಅವಳಿಗೆ ಪರೀಕ್ಷೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ಒಗೆದು, ಹಿಂಡಿ, ಮಡಚಿದ ಕೈ ಅವಳದು. ಸೂಪರ್‌ವೈಸರ್ ನಿವೃತ್ತರಾದ ದಿನವೇ ಆ ಕುರ್ಚಿ ದೊಡ್ಡಕ್ಕನಿಗೇ ಎಂದು ಎಲ್ಲರೂ ಮಾತಾಡಿಕೊಂಡಿದ್ದರು. ಅಷ್ಟರಲ್ಲಿ ಆಫೀಸಿನವರು ಹೊಸ ವರಸೆ ತೆಗೆದರು: ವಾರದ ವರದಿ ಇಂಗ್ಲಿಷಿನಲ್ಲಿ ಹೋಗಬೇಕು, ಹಾಗಾಗಿ ಲಾಂಡ್ರಿಯ ಎರಡು ಮಷೀನುಗಳನ್ನು ಹೋಲಿಸಿ ಇಂಗ್ಲಿಷಿನಲ್ಲಿ ಮಾತಾಡಿ ತೋರಿಸಿದವರಿಗೇ ಕೆಲಸ. ಎದುರಾಳಿ ಸ್ಟೋರಿನ ಗುಮಾಸ್ತ. ಇಂಗ್ಲಿಷ್ ಅರಳು ಹುರಿದಂತೆ ಸಿಡಿಸುತ್ತಾನೆ, ಸೋಪಿನ ನೀರಿಗೆ ಬೆರಳು ಅದ್ದಿದವನಲ್ಲ. ಅವನು ತನಗೆ ಮೇಲಧಿಕಾರಿಯಾಗಿ ಕೂತರೆ? ಆ ಯೋಚನೆಗೇ ದೊಡ್ಡಕ್ಕನ ಮೈ ಉರಿಯುತ್ತಿತ್ತು.

ಹನ್ನೊಂದು ಗಂಟೆಗೆ ಇಬ್ಬರನ್ನೂ ಒಟ್ಟಿಗೆ ಕರೆದರು. ಆಫೀಸಿನ ಮೇಡಂ ತಮ್ಮ ಮೇಜಿನ ಮೇಲೆ ಎರಡು ಬೆಡ್‌ಶೀಟು ಹರಡಿದ್ದರು. ಒಂದು ಹಳೇ ಮಷೀನಿನಲ್ಲಿ ಒಗೆದದ್ದು, ಮಾಸಲು. ಇನ್ನೊಂದು ಎರಡು ವರ್ಷದ ಹಿಂದೆ ಬಂದ ಹೊಸ ಮಷೀನಿನದು, ಬೆಳ್ಳಗೆ ಮಿಂಚುತ್ತಿತ್ತು. ಗುಮಾಸ್ತ ಟೈ ನೇರ ಮಾಡಿಕೊಂಡು ಶುರುಹಚ್ಚಿದ. ಹೊಸ ಮಷೀನು ಹಳೆಯದಕ್ಕಿಂತ ಬೇಗ ಒಗೆಯುತ್ತದೆ, ಬೆಳ್ಳಗೆ ಒಗೆಯುತ್ತದೆ, ಹಳೆಯದನ್ನು ಗುಜರಿಗೆ ಹಾಕಬಹುದು ಎಂದು ಒಂದೇ ಉಸಿರಿಗೆ ಒದರಿದ. ಒಂದು ತಪ್ಪಿಲ್ಲ, ಒಂದು ತೊದಲಿಲ್ಲ. ಡಸ್‌ಗಳೂ ಸಾಲಾಗಿ ಬಂದವು, ಹಾಳಾದವು. ಮೇಡಂ ತಲೆದೂಗಿದರು.

ಮುಗೀತು ನನ್ನ ಕಥೆ, ಎಂದುಕೊಂಡಳು ದೊಡ್ಡಕ್ಕ. ಆದರೆ ಕೈಗೆ ಸುಮ್ಮನಿರುವ ಅಭ್ಯಾಸವಿಲ್ಲ. ಅದು ತಾನಾಗಿ ಬೆಡ್‌ಶೀಟಿನ ಮೂಲೆ ಮಗುಚಿತು. ಲಾಂಡ್ರಿಗೆ ಬರುವ ಪ್ರತಿ ವರ್ಷದ ಹೊಸ ಬಟ್ಟೆಗೆ ಅಂಚಿನಲ್ಲಿ ಒಂದೊಂದು ಬಣ್ಣದ ನೂಲು ಹಾಕುತ್ತಾರೆ. ಮಾಸಲು ಶೀಟಿಗೆ ಕೆಂಪು ನೂಲು, ಒಂಬತ್ತು ವರ್ಷದ್ದು. ಬೆಳ್ಳಗಿನದಕ್ಕೆ ನೀಲಿ. ಅದು ಬಂದು ಇನ್ನೂ ಎರಡು ತಿಂಗಳಾಗಿಲ್ಲ.

ಅಯ್ಯೋ ಪುಣ್ಯಾತ್ಮ, ಮುದುಕಿಯನ್ನೂ ಮದುಮಗಳನ್ನೂ ಪಕ್ಕ ನಿಲ್ಲಿಸಿ ಚೆಲುವು ನೋಡುತ್ತಿದ್ದೀಯಲ್ಲ! ಎಂದು ಗುಮಾಸ್ತನನ್ನು ಮನಸ್ಸಿನಲ್ಲೇ ಬೈದಳು.

"ಮೇಡಂ," ಎಂದಳು, "ನಾಟ್ ಈಕ್ವಲ್. ಫೈವ್ ಮಿನಿಟ್ಸ್." ಒಪ್ಪಿಗೆಗೂ ಕಾಯದೆ ಹೊರಟೇಬಿಟ್ಟಳು.

"ಅವರಿಗೆ ಪ್ರಶ್ನೆ ಅರ್ಥ ಆಗಿಲ್ಲ ಅನ್ಸತ್ತೆ," ಎಂದು ಗುಮಾಸ್ತ ನಕ್ಕದ್ದು ಬಾಗಿಲವರೆಗೂ ಕೇಳಿಸಿತು.

ಏದುಸಿರು ಬಿಡುತ್ತ ಮರಳಿದಾಗ ಅವಳ ಕೈಯಲ್ಲಿ ಬೇರೆ ಎರಡು ಬೆಡ್‌ಶೀಟುಗಳಿದ್ದವು. ಎರಡಕ್ಕೂ ಹಸಿರು ನೂಲು. ಹೊಸ ಮಷೀನು ಬಂದ ವರ್ಷವೇ, ಒಂದೇ ದಿನ ಬಂದವು. ಮೂಲೆಯ ಮುದ್ರೆ ಮಾತ್ರ ಬೇರೆ. ಗಂಡಸರ ವಾರ್ಡಿನದನ್ನು ಹಳೇ ಮಷೀನಿಗೆ ಹಾಕುತ್ತಾರೆ, ಹೆಂಗಸರ ವಾರ್ಡಿನದನ್ನು ಹೊಸದಕ್ಕೆ. ಅವಳು ಎರಡನ್ನೂ ಕಿಟಕಿಗೆ ಹಿಡಿದಳು. ಬಿಳುಪು ಎರಡರಲ್ಲೂ ಒಂದೇ. ಗಂಡಸರ ವಾರ್ಡಿನದು ಗಟ್ಟಿಮುಟ್ಟಾಗಿತ್ತು. ಇನ್ನೊಂದರ ನಡುಭಾಗ ಜಾಳುಜಾಳಾಗಿ, ಆಚೆ ನಿಂತಿದ್ದ ಆಂಬ್ಯುಲೆನ್ಸ್ ಅದರೊಳಗಿಂದ ಕಾಣುತ್ತಿತ್ತು.

ದೊಡ್ಡಕ್ಕ ಉಸಿರು ಎಳೆದುಕೊಂಡಳು. "ಓಲ್ಡ್ ಮಷೀನ್ ವಾಷಸ್ ಸ್ಲೋವರ್ ದ್ಯಾನ್ ನ್ಯೂ ಮಷೀನ್ ಡಸ್. ಬಟ್ ನ್ಯೂ ಮಷೀನ್ ಈಟ್ಸ್ ಮೋರ್ ಕ್ಲಾತ್ ದ್ಯಾನ್ ಓಲ್ಡ್ ಮಷೀನ್..." ತಡೆದಳು. "ಡಸ್!"

ಆ ಕೊನೆಯ ಮಾತನ್ನು ಮೇಜು ಗುದ್ದಿದ ಹಾಗೆ ಹೇಳಿದ್ದಳು. ಮೇಡಂ ಎದ್ದು ಬಂದು ತೆಳುವಾದ ಜಾಗಕ್ಕೆ ಬೆರಳು ಒತ್ತಿದರು. ಬೆರಳು ಪರ್ರನೆ ಆಚೆಗೆ ತೂರಿತು. ಗುಮಾಸ್ತನ ಮುಖ ಇಂಗು ತಿಂದ ಮಂಗನಂತಾಯಿತು.

"ಇದನ್ನ ಯಾರೂ ನನಗೆ ಯಾಕೆ ಹೇಳಿಲ್ಲ?" ಎಂದರು ಮೇಡಂ, ಈಗ ಕನ್ನಡದಲ್ಲೇ.

"ಇಲ್ಲಿವರೆಗೆ ಯಾರೂ ನಮ್ಮನ್ನ ಕೇಳಿರಲಿಲ್ಲ ಮೇಡಂ."

ಮೇಡಂ ಹರಿದ ಶೀಟನ್ನು ಪಕ್ಕಕ್ಕಿಟ್ಟರು. ಆಮೇಲೆ ವರದಿಯ ಹಾಳೆಯನ್ನು ಅವಳತ್ತ ಸರಿಸಿದರು. "ಈಗ ಹೇಳಿದ್ದನ್ನ ಇದರಲ್ಲಿ ಬರೀರಿ. ಕೆಳಗೆ ಸೂಪರ್‌ವೈಸರ್ ಅಂತಿದೆಯಲ್ಲ, ಅಲ್ಲಿ ಸಹಿ ಹಾಕಿ."

ದೊಡ್ಡಕ್ಕನಿಗೆ ಕೂಗಿಬಿಡಬೇಕು ಅನ್ನಿಸಿತು, ಕೂಗಲಿಲ್ಲ. ಕುರ್ಚಿ ಎಳೆದು ಕೂತಳು. ಗುಮಾಸ್ತ ತನ್ನ ಜೇಬಿನ ಪೆನ್ನು ತೆಗೆದುಕೊಟ್ಟ. ಅವಳು ಒಂದೊಂದೇ ಅಕ್ಷರ ದುಂಡಗೆ ಬರೆಯುತ್ತ ಹೋದಳು. ಇಬ್ಬರೂ ನಿಂತು ಕಾದರು. ಎರಡು ವಾಕ್ಯವಾದ ಮೇಲೆ ಮೇಡಂ ಹಾಳೆಗೆ ಕೈ ಚಾಚಿದರು.

"ಇರಿ ಮೇಡಂ, ಇನ್ನೂ ಇದೆ," ಎಂದು ದೊಡ್ಡಕ್ಕ ಹಾಳೆ ಮಗುಚಿದಳು.