ಊರು ಬಂದರೆ ನಿಲ್ಲುವ ಮೋಟಾರು

ನಾರಾಯಣಖೇಡದ ಮಾಣಿಕಪ್ಪನವರ ಮೋಟಾರಿಗೆ ಒಂದು ವಿಚಿತ್ರ ರೋಗವಿತ್ತು. ಬಯಲಲ್ಲಿ ಓಡುತ್ತಿತ್ತು, ಊರು ಬಂದರೆ ನಿಲ್ಲುತ್ತಿತ್ತು. ಅದೂ ಹೆಂಗಸರು ಕೂತಾಗ ಮಾತ್ರ. ಗಂಡಸರು ಬೀದರಿಗೆ ಹೋಗಿಬಂದರೂ ಅದು ಒಮ್ಮೆ ಕೆಮ್ಮಿದ್ದಿಲ್ಲ. “ಗಂಡಸು ಕೂತ್ರ ಕುದುರಿ, ಹೆಂಗಸು ಕೂತ್ರ ಕತ್ತೆ” ಎಂದು ಡ್ರೈವರ್ ಹಣಮಯ್ಯ ಊರೆಲ್ಲ ಹೇಳಿಕೊಂಡು ಬಂದಿದ್ದ.

ಇಪ್ಪತ್ತು ವರ್ಷ ಹಳೆಯ ಗಾಡಿ. ಹೈದರಾಬಾದಿನ ಯಾವುದೋ ನವಾಬರ ಮನೆಯಿಂದ ಹಿಂದಿನ ವರ್ಷ ಕೊಂಡದ್ದು. ಹಿಂದಿನ ಸೀಟಿನ ಸುತ್ತ ಹಿತ್ತಾಳೆ ಸರಳು, ಸರಳಿಗೆ ಉಂಗುರ, ಉಂಗುರಕ್ಕೆ ಪರದೆ. ಲಿಂಗಾಯತರ ಮನೆಯಲ್ಲಿ ಪರದೆಯ ಪದ್ಧತಿ ಇರಲಿಲ್ಲ. ಆದರೂ ಗಾಡಿಯ ಜೊತೆ ಬಂದದ್ದನ್ನು ಬಿಚ್ಚಿ ಒಗೆಯಲು ಮಾಣಿಕಪ್ಪನವರಿಗೆ ಮನಸ್ಸಾಗಲಿಲ್ಲ. ನವಾಬರ ಮರ್ಯಾದೆ ನಮಗೂ ಒಂದಿಷ್ಟು ಹತ್ತಲಿ ಎಂದುಕೊಂಡರು. ಹಳೆಯ ಸೀಟಿನ ಮೇಲೆ ಕೆಂಪು ಮಖಮಲ್ಲು ಹೊಲಿಸಿದರು.

ಆ ಪರದೆಯ ಹಿಂದೆ ಈಗ ಅವರ ಅಣ್ಣನ ಸೊಸೆ ಸುಗಲಾಬಾಯಿ ಕೂತಿದ್ದಳು. ವಯಸ್ಸು ಇಪ್ಪತ್ತನಾಲ್ಕು. ಗಂಡ ತೀರಿ ಎರಡು ವರ್ಷ. ಹೈದರಾಬಾದಿನಲ್ಲಿ ಓದಿದವಳು. ಮಡಿಲಲ್ಲಿ ಒಂದು ಉರ್ದು ಹುಕುಂ ಇತ್ತು: ತಾಂಡೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಫಸಲಿ ಲೆಕ್ಕದ ಅಮರ್ದಾದ್ ತಿಂಗಳ ಒಂದನೆಯ ತಾರೀಖಿನ ಸಂಜೆ ಐದರೊಳಗೆ ಶಿಕ್ಷಕಿಯಾಗಿ ಹಾಜರಾಗಬೇಕು, ಆಗದಿದ್ದರೆ ಆ ಜಾಗ ಪಟ್ಟಿಯಲ್ಲಿ ಮುಂದಿನ ಹೆಸರಿನವರಿಗೆ. ಒಂದನೆಯ ತಾರೀಖು ಇವತ್ತೇ.

ಇದಕ್ಕೆ ಮೊದಲು ಎರಡು ಸಲ ಹೊರಟು ಎರಡು ಸಲವೂ ಹಿಂದಿರುಗಿದ್ದರು. ಎರಡು ಸಲವೂ ಹಳ್ಳಿಯ ಅಗಸಿ ಬಾಗಿಲ ಮುಂದೆ ಗಾಡಿ ನಿಂತಿತು. ಜನ ಸೇರಿದರು, ನೂಕಿದರು, ನಕ್ಕರು. ಜನ ಚದುರಿ, ಸುಗಲಾಬಾಯಿ ಗಾಳಿಗೆಂದು ಪರದೆ ಸರಿಸಿ ಕೂತ ಮೇಲೆ ಅದೇ ಗಾಡಿ ಮೊದಲ ಹ್ಯಾಂಡಲಿಗೇ ಚಾಲೂ ಆಯಿತು. ದೃಷ್ಟಿ ಎನ್ನಲು ಇನ್ನೇನು ಬೇಕು? ಅಪಶಕುನವೆಂದು ಮನೆಗೇ ತಿರುಗಿಸಿದರು. ಹಣಮಯ್ಯ ಎರಡು ಸಲವೂ ಖಾಲಿ ಗಾಡಿಯನ್ನು ಜಹೀರಾಬಾದಿನ ಖಂಡೆಪ್ಪ ಮಿಸ್ತ್ರಿಗೆ ತೋರಿಸಿಕೊಂಡು ಬಂದ. ಅಲ್ಲಿ ಅದು ಹಾಡಿಕೊಂಡು ಓಡಿತು. ಮಾಣಿಕಪ್ಪ ಬಾನೆಟ್ಟಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು.

“ಮೂರನೇ ಸಲ ನಿಂತ್ರ ಮುಗೀತು ನೋಡವ್ವ. ಶಿವನಿಗೇ ಮನಸ್ಸಿಲ್ಲಂತ ತಿಳಿಯೋದು” ಎಂದರು.

ಮೂರನೇ ಸಲ ನಸುಕಿನಲ್ಲೇ ಹೊರಟರು. ಹಳ್ಳಿಗಳನ್ನು ತಪ್ಪಿಸಿ ಹೊಲದ ದಾರಿ ಹಿಡಿದರು. ಮಾಂಜ್ರಾ ನದಿಯನ್ನು ನಾಲ್ಕು ಎತ್ತು ಕಟ್ಟಿ ದಾಟಿಸಿದರು. ಮೋಟಾರು ಎಲ್ಲಿಯೂ ನಿಲ್ಲಲಿಲ್ಲ. ಜಹೀರಾಬಾದನ್ನು ಮಾತ್ರ ತಪ್ಪಿಸುವಂತಿರಲಿಲ್ಲ. ಪೇಟೆ ಕಂಡ ಕೂಡಲೇ ಮಾಣಿಕಪ್ಪ ಮುಂದಿನ ಸೀಟಿನಲ್ಲಿ ಕೂತಲ್ಲಿಂದಲೇ “ಪಡದಾ” ಎಂದರು. ಸುಗಲಾಬಾಯಿ ಎಳೆದಳು. ಮೂಲೆಯಲ್ಲಿ ಚಟ್ ಎಂದಿತು. ಗಾಡಿ ನಿಂತಿತು.

ಹಮಾಲರು ಅದನ್ನು ನೂಕಿ ಖಂಡೆಪ್ಪನ ತಗಡಿನ ಷೆಡ್ಡಿನ ಮುಂದೆ ಬಿಟ್ಟರು. ಹನ್ನೊಂದೂವರೆ ಗಂಟೆ. ರೈಲು ಬೆಳಿಗ್ಗೆಯೇ ಹೋಗಿತ್ತು.

“ಒಂದು ತಾಸು ನೋಡು ಮಿಸ್ತ್ರಿ. ಆಗ್ಲಿಲ್ಲಂದ್ರ ಎತ್ತು ಕಟ್ಟಿ ಖೇಡಕ್ಕ ವಾಪಸ್” ಎಂದರು ಮಾಣಿಕಪ್ಪ.

ಖಂಡೆಪ್ಪ ಕುರುಬರವ. ಅಪ್ಪ ಈಗಲೂ ಕುರಿ ಕಾಯುತ್ತಿದ್ದ. ಮಗ ಸಿಕಂದರಾಬಾದಿನ ಫೌಜಿನ ಕಾರ್ಖಾನೆಯಲ್ಲಿ ಆರು ವರ್ಷ ಕೈ ಕಪ್ಪು ಮಾಡಿಕೊಂಡು ಬಂದಿದ್ದ.

“ಇವತ್ತು ಚಲೋ ಆತು ಸಾವಕಾರ್ರೇ” ಎಂದ.

“ಏನು ಚಲೋ?”

“ಎರಡು ಸಲ ರೋಗ ದಾರ್‍ಯಾಗ ಬಿಟ್ಟು ಗಾಡಿ ಕಳ್ಸಿದ್ರಿ. ಇವತ್ತು ರೋಗಾನೂ ಕರ್‍ಕೊಂಡು ಬಂದೀರಿ.”

ಪ್ಲಗ್ಗಿನ ತಂತಿ ಬಿಚ್ಚಿ ಕಬ್ಬಿಣದ ಹತ್ತಿರ ಹಿಡಿದ. ಹಣಮಯ್ಯ ಹ್ಯಾಂಡಲ್ ತಿರುವಿದ. ಕಿಡಿ ಬರಲಿಲ್ಲ. ಹೊಳೆಯ ನೀರು ಹೊಕ್ಕಿರಬಹುದು ಎಂದು ಕಿಡಿ ಹುಟ್ಟಿಸುವ ಮ್ಯಾಗ್ನೆಟ್ ಡಬ್ಬಿಯನ್ನು ಬಿಚ್ಚಿ ನೋಡಿದ. ಒಳಗೆ ಒಣಗಿತ್ತು. ಹೊರಗೆ ಒರೆಸಿದ. ಮತ್ತೆ ತಿರುವಿಸಿದ. ಕಿಡಿ ಇಲ್ಲ.

“ದೊಡ್ಡ್ಯಾಗ ಕುಂಟೋ ಕುರಿ ಹುಡುಕಬೇಕಂದ್ರ ಹಿಂಡು ನೋಡ್ಕೋತ ನಿಂದ್ರಬಾರ್ದು ಹಣಮಯ್ಯ. ಬಾಗಿಲು ಸಂದಿ ಮಾಡಿ ಒಂದೊಂದೇ ಬಿಡಬೇಕು.”

ಅವನು ತಂತಿಗಳನ್ನು ಬೆರಳಿನಿಂದ ಮುಟ್ಟುತ್ತ ಹೋದ. “ನಾಲ್ಕು ದಪ್ಪನ್ನವು, ಪ್ಲಗ್ಗಿಗೆ. ಒಂದು ಸಣ್ಣದು, ಕೀಲಿಗೆ. ಕೀಲಿ ಬಂದ್ ಮಾಡಿದ್ರ ಈ ಸಣ್ಣ ತಾರು ಗಾಡಿ ಮೈಗೆ ತಾಕ್ತದ. ಕಿಡಿ ಮಣ್ಣಿಗೆ ಹೋಗ್ತದ, ಇಂಜನ್ ಸುಮ್ನಾಗ್ತದ. ಒಟ್ಟು ಐದು.” ಸ್ವಲ್ಪ ಹೊತ್ತು ಬಗ್ಗಿಯೇ ಇದ್ದ. “ಆರು ಅವ.”

“ಎಣಿಸಾಕ ಬರ್ತದಿಲ್ಲೋ ನಿನಗ?” ಎಂದ ಹಣಮಯ್ಯ.

“ಕುರುಬಗ ಬರ್ಲಿಲ್ಲಂದ್ರ ತೋಳ ಕಲಿಸ್ತದ.”

ಆರನೆಯ ತಂತಿಯನ್ನು ಬಿಚ್ಚಿದ. ಹ್ಯಾಂಡಲ್ ತಿರುಗಿತು, ನೀಲಿ ಕಿಡಿ ಹಾರಿತು. ಮತ್ತೆ ಜೋಡಿಸಿದ, ಕಿಡಿ ಸತ್ತಿತು. “ಯಾರದೋ ಕುರಿ ಬಂದು ನಮ್ಮ ಹಿಂಡಿನ್ಯಾಗ ಸೇರ್‍ಯದ” ಎಂದು ಆ ತಂತಿಯ ಬೆನ್ನು ಹತ್ತಿದ. ಅದು ಹಲಗೆಯ ಕೆಳಗೆ ನುಸುಳಿ ಹಿಂದಕ್ಕೆ ಹೋಗಿತ್ತು. ಪರದೆಯ ಹತ್ತಿರ ಬಂದು ಖಂಡೆಪ್ಪ ಕೈ ಹಿಂದೆ ಕಟ್ಟಿ ನಿಂತ.

“ಸಾವಕಾರ್ರೇ, ಹಿಂದ ಕೂತ ಬಾಯಾರಿಗೆ ಕೇಳ್ರಿ. ಗಾಡಿ ನಿಂದ್ರೋ ಹೊತ್ತಿಗೆ ಏನರೆ ಸಪ್ಪಳ ಬಂತೇನು?”

ಮಾಣಿಕಪ್ಪ ಪರದೆಯ ಕಡೆ ತಿರುಗಿ, ಹೊಳೆಯಾಚೆಯವರನ್ನು ಕೂಗುವಂತೆ ಕೇಳಿದರು. “ಸಪ್ಪಳ ಬಂತೇನು ಅಂತಾನ.”

“ಚಟ್ ಅಂತು” ಎಂದಳು ಸುಗಲಾಬಾಯಿ. “ಸರಳಿನ ಮೂಲ್ಯಾಗ ನೀಲಿ ಕಿಡಿ ಕಂಡ್ತು.”

“ಚಟ್ ಅಂತಂತ. ನೀಲಿ ಅಂತ.”

“ಕೇಳ್ತು ಬಿಡ್ರಿ. ಮೊದ್ಲಿನ ಎರಡು ಸಲ?”

“ಮೊದ್ಲಿನ ಎರಡು ಸಲ ಅಂತಾನ.”

“ಅವಾಗೂ ಹಂಗ. ಪಡದಾ ತುದೀಗೆ ಎಳದಾಗ.”

“ಅವಾಗೂ...” ಮಾಣಿಕಪ್ಪ ಅಲ್ಲಿಗೇ ನಿಲ್ಲಿಸಿದರು. “ನಾ ಏನು ಟಪಾಲಿನವ ಆದೆನೇನು? ನೀವ ಮಾತಾಡ್ಕೋರಿ. ನಾ ಚಾ ಕುಡ್ದು ಬರ್ತೀನಿ.”

ಅವರ ಜೋಡಿನ ಸದ್ದು ದೂರವಾಯಿತು.

“ಮೊದ್ಲ ಯಾಕ ಹೇಳ್ಲಿಲ್ರಿ ಬಾಯಾರೆ?” ಎಂದ ಖಂಡೆಪ್ಪ.

“ಯಾರೂ ಕೇಳ್ಲಿಲ್ಲ.”

ಖಂಡೆಪ್ಪ ಅವಳಿಗೆ ಪರದೆ ಹಿಂದೆ ಸರಿಸಲು ಹೇಳಿ ಹಣಮಯ್ಯನಿಗೆ ತಿರುವಲು ಹೇಳಿದ. ಕಿಡಿ ಬಂತು. ಮುಂದೆ ಎಳೆಯಲು ಹೇಳಿದ. ಹೋಯಿತು. ಸರಿಸಿದಳು, ಬಂತು. ಎಳೆದಳು, ಹೋಯಿತು.

“ಯಾರರೆ ಒಬ್ರು ತೀರ್ಮಾನ ಮಾಡ್ರಿ. ನನ್ನ ರಟ್ಟಿ ಹೋತು” ಎಂದ ಹಣಮಯ್ಯ.

ಸುಗಲಾಬಾಯಿ ಕುಪ್ಪಸದ ಪಿನ್ನು ತೆಗೆದು ಮೂಲೆಯ ಮಖಮಲ್ಲಿನ ಹೊಲಿಗೆ ಬಿಚ್ಚಿದಳು. ಎಳೆದ ಪರದೆಯ ತುದಿ ಬಂದು ನಿಲ್ಲುವ ಕಡೆ ಒಂದು ತಂತಿ ಹಾದುಹೋಗಿತ್ತು. ಅದರ ಮೇಲಿನ ನೂಲಿನ ಹೊದಿಕೆ ಉಜ್ಜಿ ಉಜ್ಜಿ ಹರಿದು, ಬೆರಳಗಲ ತಾಮ್ರ ಹೊಳೆಯುತ್ತಿತ್ತು. ಕಡೆಯ ಉಂಗುರ ಸರಿಯಾಗಿ ಅದರ ಮೇಲೆ ಕೂತಿತ್ತು. ತಂತಿಗೂ, ಗಾಡಿಯ ಮೈಗೆ ಸೇರಿದ ಸರಳಿಗೂ ಅದು ಸೇತುವೆ.

ಅಷ್ಟಕ್ಕೆ ಅವಳು ಬಿಡಲಿಲ್ಲ. ತಂತಿ ಕೆಳಗೆ ಇಳಿದಿತ್ತು. ಬಟ್ಟೆಯ ಮೇಲಿಂದಲೇ ಅದನ್ನು ತಡವುತ್ತ ಬಂದಳು. ಕೈ ಊರುವ ಹಲಗೆಯ ತುದಿಯಲ್ಲಿ, ಹೊಸ ಮಖಮಲ್ಲಿನ ಕೆಳಗೆ, ಗೋಲಿಯಷ್ಟು ಗಟ್ಟಿ ಏನೋ ಸಿಕ್ಕಿತು. ಅಲ್ಲಿಯೂ ಹೊಲಿಗೆ ಬಿಚ್ಚಿದಳು. ದಂತದ ಗುಂಡಿ. ಅದರ ಮೇಲೆ ಉರ್ದುವಿನಲ್ಲಿ ಒಂದೇ ಶಬ್ದ ಕೊರೆದಿದ್ದರು.

“ಗುಂಡಿ ಅದ. ‘ಠಹರೋ’ ಅಂತ ಬರದಾರ. ನಿಲ್ಲು ಅಂತ.”

ಖಂಡೆಪ್ಪ ಹೊರಗೆ ನಗುವುದು ಕೇಳಿಸಿತು. “ಬೇಗಂ ಸಾಹೇಬ್ರು ಡ್ರೈವರ್ ಕೂಡ ಮಾತಾಡಂಗಿಲ್ಲಲ್ರಿ. ಗಾಡಿ ನಿಲ್ಸಬೇಕಂದ್ರ ಏನು ಮಾಡಬೇಕು? ಗುಂಡಿ ಮ್ಯಾಲ ಬಟ್ಟು ಒತ್ತಿದ್ರ ಆತು, ಇಂಜನ್ ಬಂದ್. ಹಣಮಯ್ಯ, ವರ್ಷಾತು ಗಾಡಿ ಹೊಡ್ಯಾಕತ್ತು, ಬ್ರೇಕು ಹಿಂದ ಅದ ಅಂತ ನಿನಗ ಗೊತ್ತಿಲ್ಲ.”

ಆಮೇಲೆ ಕೇಳಿದ: “ಈ ತಾರು ಕಿತ್ತು ಒಗೀಲೇನ್ರಿ ಬಾಯಾರೆ? ಕಿರಿಕಿರಿನೇ ಇರಂಗಿಲ್ಲ.”

ಗುಂಡಿಯ ಮೇಲೆ ಅವಳ ಹೆಬ್ಬೆರಳು ಇನ್ನೂ ಇತ್ತು.

“ಬ್ಯಾಡ. ಹರದಲ್ಲಿ ಸುತ್ತೋಣ. ಗುಂಡಿ ಇರ್ಲಿ.”

“ಯಾಕ್ರಿ?”

“ಚಲೋ ಅದ.”

ಆಮೇಲೆ ಪರದೆಯ ಕೆಳಗಿನಿಂದ ಒಂದು ಕಪ್ಪು ಕೈ ರಬ್ಬರ್ ಪಟ್ಟಿಯ ಸುರುಳಿಯನ್ನು ಒಳಗೆ ಚಾಚಿತು. “ಒಂದರ ಮ್ಯಾಲ ಒಂದು ಅರ್ಧ ಏರುಹಂಗ ಸುತ್ರಿ. ಎಳದು ಸುತ್ರಿ, ಸಡ್ಲ ಬಿಡಬ್ಯಾಡ್ರಿ.” ಅವಳು ಎಳೆದು ಸುತ್ತಿದಳು. ತಂತಿಯನ್ನು ಸರಳಿನಿಂದ ಆಚೆ ಸರಿಸಿ ಮಖಮಲ್ಲಿಗೆ ಪಿನ್ನು ಚುಚ್ಚಿದಳು. ಪರದೆ ಪೂರ್ತಿ ಎಳೆದು ಕೂತಳು. ಹಣಮಯ್ಯ ಒಮ್ಮೆ ತಿರುವಿದ. ಇಂಜಿನ್ ಗುಡುಗಿತು.

ಸದ್ದು ಕೇಳಿ ಮಾಣಿಕಪ್ಪ ಓಡಿಬಂದರು.

“ಏನಾಗಿತ್ತೋ?”

“ಊರು ಬಂದ್ರ ನೀವು ಪಡದಾ ಅಂತೀರಿ. ಪಡದಾ ಎಳದ್ರ ಉಂಗುರ ತಾರಿಗೆ ಹತ್ತಿ ಗಾಡಿ ನಿಲ್ತದ. ದೃಷ್ಟಿ ಅಲ್ರಿ, ನಿಮ್ಮದ ಹುಕುಂ” ಎಂದ ಖಂಡೆಪ್ಪ. “ನಿಂಬಿಹಣ್ಣು ಬಿಚ್ಚಲೇನ್ರಿ?”

ಮಾಣಿಕಪ್ಪ ಬಾನೆಟ್ಟನ್ನು ನೋಡಿದರು. “ಇರ್ಲಿ. ಅದೇನು ತಾರಿಗೆ ತಾಕಂಗಿಲ್ಲಲ್ಲ.”

ಗುಂಡಿಯ ಸುದ್ದಿಯನ್ನು ಯಾರೂ ಅವರಿಗೆ ಹೇಳಲಿಲ್ಲ.

ಮುಂದೆ ದಾರಿಯಲ್ಲಿ ಏಳು ಊರು ಬಂದವು. ಏಳು ಸಲ “ಪಡದಾ” ಎಂದರು, ಏಳು ಸಲ ಅವಳು ಎಳೆದಳು. ಮೋಟಾರು ನಿಲ್ಲಲಿಲ್ಲ. ನಾಲ್ಕೂವರೆಗೆ ತಾಂಡೂರಿನ ಕಲ್ಲಿನ ಪುಡಿ ಪರದೆಯ ಸಂದಿಯಿಂದ ಒಳಗೆ ಬರತೊಡಗಿತು. ಸ್ಟೇಷನ್ನಿನ ಬದಿಗೆ ನೀಲಿ ಚಪ್ಪಡಿಗಳನ್ನು ರೊಟ್ಟಿಯಂತೆ ಒಟ್ಟಿದ್ದರು.

“ಹಣಮಯ್ಯ, ಸೀದಾ ಶಂಕ್ರೆಪ್ಪ ಬೀಗರ ಮನಿಗೆ” ಎಂದರು ಮಾಣಿಕಪ್ಪ.

“ಮಾವ, ಮೊದ್ಲ ಶಾಲಿಗೆ ಹೋಗೋಣ” ಎಂದಳು ಸುಗಲಾಬಾಯಿ.

“ನಾಳೆ ಹೋದ್ರಾತು. ಬೆಳಿಗ್ಗಿಂದ ಹೊಟ್ಟಿಗಿಲ್ಲ. ಸರಕಾರಿ ಕೆಲಸ ಒಂದು ದಿನಕ್ಕ ಓಡಿ ಹೋಗ್ತದೇನು?”

“ಹೋಗ್ತದ. ಹುಕುಂನ್ಯಾಗ ಬರದಾರ.”

“ಬರದವರು ಊಟ ಮಾಡಂಗಿಲ್ಲೇನವ್ವ? ನಡಿಯೋ ಹಣಮಯ್ಯ.”

ಹಣಮಯ್ಯ ನಡೆಸಿದ. ಸುಗಲಾಬಾಯಿ ಮತ್ತೆ ಕೇಳಲಿಲ್ಲ. ಪರದೆಯ ಸಂದಿಗೆ ಕಣ್ಣು ಹಚ್ಚಿದಳು. ದಾಲ್ ಅಂಗಡಿ, ಮಸೀದಿ, ಬಾವಿ, ಉದ್ದನೆಯ ಚಪ್ಪಡಿಯ ಗೋಡೆ. ಗೋಡೆ ಮುಗಿಯುವಲ್ಲಿ ಬಾಗಿಲು, ಬಾಗಿಲ ಮೇಲೆ ಹಸಿರು ಬೋರ್ಡು. ಓದಿದಳು. ಗುಂಡಿ ಒತ್ತಿದಳು.

ಮೋಟಾರು ಬೋರ್ಡಿನ ಕೆಳಗೆ ನಿಂತಿತು.

“ಮತ್ತ ನಿಂತಿತಲ್ಲೋ” ಎಂದರು ಮಾಣಿಕಪ್ಪ.

“ಊರು ಬಂತಲ್ರಿ” ಎಂದ ಹಣಮಯ್ಯ, ಸೋತ ದನಿಯಲ್ಲಿ.

“ಕೆಟ್ಟಿಲ್ಲ ಹಣಮಯ್ಯ. ನಾನ ನಿಲ್ಸೀನಿ.” ಅವಳು ಪರದೆಯನ್ನು ಪೂರ್ತಿ ಸರಿಸಿ ಇಳಿದಳು. “ಹಾಜರಿ ಹಾಕಿ ಬರ್ತೀನಿ ಮಾವ. ನೀವು ಊಟಕ್ಕ ನಡೀರಿ. ಈಗ ತಿರುವಿದ್ರ ಚಾಲೂ ಆಗ್ತದ.”

ಮಾಣಿಕಪ್ಪ ಅವಳನ್ನು ತಡೆಯಲೆಂದು ಹಿಂದಕ್ಕೆ ತಿರುಗಿದರು. ಅಷ್ಟರಲ್ಲಿ ಅವರ ಕಣ್ಣು ಹೊಲಿಗೆ ಬಿಚ್ಚಿದ ಮಖಮಲ್ಲಿನೊಳಗಿನ ಗುಂಡಿಯ ಮೇಲೆ ಬಿತ್ತು.

ಒಳಗೆ ಗುಮಾಸ್ತ ರಿಜಿಸ್ಟರು ಮುಚ್ಚುವುದರಲ್ಲಿದ್ದ. ಹುಕುಂ ಓದಿದ, ಗೋಡೆಯ ಗಡಿಯಾರ ನೋಡಿದ. ಐದಕ್ಕೆ ಹದಿನೈದು ನಿಮಿಷವಿತ್ತು. ರಿಜಿಸ್ಟರನ್ನು ಅವಳ ಕಡೆ ತಿರುಗಿಸಿದ. ಅವಳು ಹೆಸರು ಬರೆದಳು, ತಾರೀಖು ಬರೆದಳು.

ಹೊರಗೆ ಮೋಟಾರು ಚಾಲೂ ಆದ ಸದ್ದು ಬಂತು. ನಿಂತಿತು. ಮತ್ತೆ ಚಾಲೂ ಆಯಿತು. ಮತ್ತೆ ನಿಂತಿತು.

“ನಿಮ್ಮ ಗಾಡಿ ಕೆಟ್ಟದೇನ್ರಿ?” ಎಂದ ಗುಮಾಸ್ತ.

“ಇಲ್ರಿ. ನಮ್ಮ ಮಾವಾರು ಹಿಂದ ಕೂತಾರ.”

ಕಿಟಕಿಯಿಂದ ಹಣಮಯ್ಯನ ಮಾತು ಕೇಳಿಸಿತು. “ಗುಂಡಿ ಬಿಡ್ರಿ ಸಾವಕಾರ್ರೇ. ಗಂಡಸು ಕೂತ್ರೂ ಕತ್ತೇನೇ ಆತಲ್ರಿ ಇದು.”

ಸುಗಲಾಬಾಯಿ ಮಸಿ ಆರಲೆಂದು ಹಾಳೆಯ ಮೇಲೆ ಊದಿ, ರಿಜಿಸ್ಟರು ಮುಚ್ಚಿದಳು.