ತೊಲೆ ಎತ್ತೋ ಮುಂಚೆ

ಮೊದಲ ದಿನ ಹೊರಗೆ ತೆಗೆದ ಗಾರೆಯವನು ನಗುತ್ತಲೇ ಬಂದ. ಬೆಳಗ್ಗಿನಿಂದ ಅವನ ತೊಡೆಗಳ ಮೇಲೆ ಗೋಡೆ ಬಿದ್ದಿತ್ತು. ಗೋಡೆ ಸರಿಸಿದೊಡನೆ ಬೀಡಿ ಕೇಳಿದ. "ಕಾಲು ಹೋದ್ರೆ ಹೋಗ್ಲಿ ಸಿಸ್ಟರ್, ಕೈ ಇದ್ಯಲ್ಲ" ಅಂದ. ಸಂಜೆ ಹೊತ್ತಿಗೆ ಸತ್ತ. ರಕ್ತ ಹೆಚ್ಚು ಹೋಗಿರಲಿಲ್ಲ. ಯಾಕೆ ಸತ್ತ ಅಂತ ಅವನ ಹೆಂಡತಿ ಕೇಳಿದಳು. ನನಗೆ ಗೊತ್ತಿರಲಿಲ್ಲ.

ನೆಲ ನಡುಗಿದ ಮೇಲೆ ನಮ್ಮ ಬಡಾವಣೆಯ ಸಣ್ಣ ಆಸ್ಪತ್ರೆಯಲ್ಲಿ ಉಳಿದದ್ದು ಒಂದು ಕೋಣೆ, ಕೆಲವು ಮಂಚ, ನಾನು, ಆಂಬುಲೆನ್ಸ್ ಡ್ರೈವರ್. ನಮ್ಮ ಡಾಕ್ಟರು ತಲೆಗೆ ಪೆಟ್ಟು ಬಿದ್ದು ಅಲ್ಲೇ ಒಂದು ಮಂಚದ ಮೇಲೆ ಎಚ್ಚರವಿಲ್ಲದೆ ಮಲಗಿದ್ದರು.

ಮಾರನೆಯ ದಿನ ಕುಸಿದ ಗೋದಾಮಿನಡಿ ಲಿಫ್ಟ್ ರಿಪೇರಿಯವನೊಬ್ಬ ಜೀವಂತ ಸಿಕ್ಕಿದ. ಅವನ ಎರಡೂ ಕಾಲುಗಳ ಮೇಲೆ ಸಿಮೆಂಟಿನ ತೊಲೆ. ಇವನೂ ಮಾತಾಡುತ್ತಿದ್ದ, ಇವನೂ ನಗುತ್ತಿದ್ದ. ನನಗೆ ಅದೇ ಭಯ.

"ಕಂಬಿ ಕತ್ತರಿಸಿದ್ರೆ ತೊಲೆ ಎದ್ದು ಬರತ್ತೆ" ಅಂದ ಅಗೆಯುವವರ ಜೊತೆಗಿದ್ದ ವೆಲ್ಡರ್.

"ಸ್ವಲ್ಪ ತಡಿಯಪ್ಪ."

"ಯಾಕೆ ಸಿಸ್ಟರ್, ಮುಹೂರ್ತ ನೋಡ್ತೀರಾ?"

ನಾನು ಫೋನಿನಲ್ಲಿ ಹುಡುಕುತ್ತಿದ್ದೆ. ಒಂದು ವೈದ್ಯಕೀಯ ಪತ್ರಿಕೆಯ ಲೇಖನ ಸಿಕ್ಕಿತು. ಮೊದಲ ನಾಲ್ಕು ಸಾಲು ಮಾತ್ರ ಕಾಣುತ್ತಿತ್ತು. ಬಹಳ ಹೊತ್ತು ಜಜ್ಜಿಹೋದ ಕಾಲಿನ ಮೇಲಿಂದ ಭಾರ ತೆಗೆದರೆ ಅಲ್ಲಿ ಕೂಡಿದ ಪೊಟ್ಯಾಸಿಯಂ ಮೊದಲಾದ ವಿಷ ರಕ್ತಕ್ಕೆ ಸೇರಿ ಹೃದಯ ನಿಲ್ಲಬಹುದು. ಯಾವ ಬಾಟಲಿ, ಯಾವಾಗ ಕೊಡಬೇಕು ಅನ್ನುವುದು ಮುಂದೆ. ಮುಂದಕ್ಕೆ ಬೀಗ. ಬೀಗ ತೆಗೆಯಲು ನನ್ನ ಅರ್ಧ ತಿಂಗಳ ಸಂಬಳ ಬೇಕು. ಮೇಲೊಂದು ಹಸಿರು ಪಟ್ಟಿ: 'ದುರಂತದ ಅವಧಿಯಲ್ಲಿ ಆರೋಗ್ಯ ಕಾರ್ಯಕರ್ತರಿಗೆ ಉಚಿತ.' ಒತ್ತಿದೆ. ನಿಮ್ಮ ಆಸ್ಪತ್ರೆ ಆರಿಸಿ ಅಂತು. ನಮ್ಮದು ಇರಲಿಲ್ಲ. ನನ್ನ ಓರಗಿತ್ತಿಯ ಆಸ್ಪತ್ರೆ ಇತ್ತು, ಎಲ್ಲಕ್ಕಿಂತ ಮೇಲೆ.

ಎದೆಯೊಳಗೆ ಚುರ್ ಅಂತು. ನಾವಿಬ್ಬರೂ ನರ್ಸಿಂಗ್ ಶಾಲೆಯಲ್ಲಿ ಒಂದೇ ಬೆಂಚು. ನನ್ನ ಮೈದುನನಿಗೆ ಅವಳನ್ನು ತೋರಿಸಿ ಮನೆಗೆ ತಂದವಳೂ ನಾನೇ. ಅವಳಿಗೆ ಸೇತುವೆಯಾಚೆಯ ದೊಡ್ಡ ಆಸ್ಪತ್ರೆ ಸಿಕ್ಕಿತು. ಅವರೇ ಇಸ್ತ್ರಿ ಮಾಡಿಸಿಕೊಡುವ ಸಮವಸ್ತ್ರ, ಬಿಳಿ ಶೂ, ಹೆಸರು ಒತ್ತಿದರೆ ಜಗತ್ತಿನ ಪುಸ್ತಕವೆಲ್ಲ ಬಿಚ್ಚಿಕೊಳ್ಳುವ ಕಂಪ್ಯೂಟರ್. "ಸಣ್ಣವಳ ಕೈ ನೋಡು, ಎಷ್ಟು ಮೆತ್ತಗಿದೆ" ಅನ್ನುತ್ತಾರೆ ಅತ್ತೆ, ತೊಳೆಯುವ ಪಾತ್ರೆ ನನ್ನ ಕೈಗೆ ಕೊಡುತ್ತಾ. ಆ ಕಂಪ್ಯೂಟರಿನಲ್ಲಿ ಅವಳು ಚಪ್ಪಲಿ ನೋಡುತ್ತಾಳೆ ಅಂತ ನನ್ನ ಗುಮಾನಿ.

ಅವಳನ್ನು ಕೇಳುವುದಕ್ಕಿಂತ, ರಸ್ತೆಯಲ್ಲಿ ಜೀಪು ನಿಲ್ಲಿಸಿಕೊಂಡಿದ್ದ ಆರೋಗ್ಯಾಧಿಕಾರಿಯನ್ನೇ ಕೇಳೋಣ ಅಂತ ಓಡಿದೆ.

"ಸಾರ್, ಉಚಿತವಾಗಿ ಓದೋ ಆಸ್ಪತ್ರೆಗಳ ಪಟ್ಟಿಗೆ ನಮ್ಮದನ್ನೂ ಸೇರಿಸಿ. ಒಂದು ಪುಟ ಓದ್ಬೇಕು."

"ನಿಮಗ್ಯಾಕಮ್ಮ ಓದು? ಬಾಟಲಿ ನೇತುಹಾಕೋಕೆ ಪುಸ್ತಕ ಬೇಕಾ?"

"ಯಾವ ಬಾಟಲಿ ಅಂತ ಗೊತ್ತಾಗ್ಬೇಕಲ್ಲ ಸಾರ್. ನನ್ನ ಹತ್ರ ಎರಡು ಥರ ಇದೆ, ಬರೀ ಉಪ್ಪುನೀರು, ಆರ್.ಎಲ್."

"ಅರ್ಜಿ ಕೊಡಿ, ಪರಿಶೀಲಿಸ್ತಾರೆ."

"ತೊಲೆ ಈಗ ಎತ್ತುತ್ತಾರೆ."

ಅವರು ಇನ್ನೊಂದು ಫೋನಿಗೆ ತಿರುಗಿದರು.

ಓರಗಿತ್ತಿಗೆ ಫೋನು ಮಾಡಲೇಬೇಕಾಯಿತು. ಒಬ್ಬನ ಜೀವ ತೊಲೆಯಡಿ ಇರುವಾಗಲೂ ಬೆರಳು ತಡೆಯಿತು. ನಾಚಿಕೆಯಾಯಿತು. ಆದರೂ ತಡೆದದ್ದು ನಿಜ.

"ಅಕ್ಕಾ, ಬದುಕಿದ್ದೀರಾ?" ಅಂದಳು. ಅಳುತ್ತಿದ್ದಳು. ನನಗೆ ಮಾತ್ರ ಅವಳ ಹಿಂದಿನ ಫ್ಯಾನಿನ ಸದ್ದು ಕೇಳಿಸಿತು. ಅಲ್ಲಿ ಕರೆಂಟಿತ್ತು.

"ಬದುಕಿದ್ದೀನಿ. ನನಗೊಂದು ಪುಟ ಬೇಕು."

ಲೇಖನದ ಹೆಸರು ಹೇಳಿದೆ. ಬಾಯಿ ಮುಚ್ಚುವಷ್ಟರಲ್ಲಿ ತೆರೆದುಕೊಂಡಿತಂತೆ.

"ಆದ್ರೆ ಅಕ್ಕ, ಹೊರಗೆ ಕಳಿಸಿದ್ರೆ ಕೆಲಸ ಹೋಗತ್ತೆ. ನಕಲು ಮಾಡಲ್ಲ ಅಂತ ಸಹಿ ಹಾಕಿಸ್ಕೊಂಡಿದ್ದಾರೆ."

"ಹಾಗಾದ್ರೆ ಆ ಪುಟಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ಕೋ."

"ಓದಿ ಹೇಳ್ಬಾರದು ಅಂತ ಎಲ್ಲೂ ಬರೆದಿಲ್ಲ" ಅಂದಳು.

ನಾನು ಕಲ್ಲುಗಳ ಸಂದಿಯಲ್ಲಿ ಬೋರಲಾಗಿ ಅವನತ್ತ ತೂರಿದೆ. ಮೇಲೆ ಡ್ರೈವರು ಫೋನನ್ನು ಆಂಬುಲೆನ್ಸಿನ ಕೈಮೈಕಿಗೆ ಹಿಡಿದ. ಅವಳು ಓದಿದಳು. ಇಂಗ್ಲಿಷಿನದನ್ನು ನಮ್ಮ ಮಾತಿಗೆ ತಿರುಗಿಸಿ, ಮಕ್ಕಳಿಗೆ ಪಾಠ ಹೇಳಿಕೊಟ್ಟ ಹಾಗೆ ಒಂದೊಂದು ಸಾಲು, ಎರಡೆರಡು ಸಲ.

"ಭಾರ ಎತ್ತೋ ಮುಂಚೆ ಸೂಜಿ."

"ಬರೀ ಉಪ್ಪುನೀರಿನ ಬಾಟಲಿ."

"ಆರ್.ಎಲ್. ಬಾಟಲಿ ಬೇಡ, ಅದರಲ್ಲಿ ಪೊಟ್ಯಾಸಿಯಂ ಇದೆ."

"ಹೊರಗೆ ಬಂದ ಮೇಲೂ ನಿಲ್ಲಿಸಬೇಡಿ, ಮೂತ್ರ ನೋಡಿ."

ಅಗೆಯುತ್ತಿದ್ದವರೆಲ್ಲ ಸಲಿಕೆ ಊರಿ ಕೇಳಿದರು. ನನ್ನ ಕೈಯಲ್ಲಿದ್ದದ್ದು ಆರ್.ಎಲ್. ಪಕ್ಕಕ್ಕಿಟ್ಟೆ.

ಧೂಳು ಮೆತ್ತಿದ ತೋಳಿನಲ್ಲಿ ನರ ಸಿಗಲಿಲ್ಲ. ಸ್ಪಿರಿಟ್ ಮುಗಿದಿತ್ತು, ಉಗುಳಿನಿಂದ ಧೂಳು ಒರೆಸಿ ಹುಡುಕಿದೆ. ಉಪ್ಪುನೀರು ಇಳಿಯತೊಡಗಿದ ಮೇಲೆ ವೆಲ್ಡರಿಗೆ ಹೂಂ ಅಂದೆ. ತೊಲೆ ಎದ್ದಿತು.

ಮಾರನೆಯ ಬೆಳಗ್ಗೆ ಮಂಚಕ್ಕೆ ಕಟ್ಟಿದ ಚೀಲದಲ್ಲಿ ಮೂತ್ರ ತುಂಬಿತ್ತು. ಅದರ ಹಳದಿ ಕಂಡು ನಾವು ಬಂಗಾರ ಸಿಕ್ಕಿದವರ ಹಾಗೆ ಆಡಿದೆವು.

"ಮೈಕಿನಲ್ಲಿ ಮಾತಾಡಿದ ಸಿಸ್ಟರ್ ಯಾರು?" ಅಂತ ಲಿಫ್ಟಿನವನು ಕೇಳಿದ. "ಎಂಥ ದನಿ."

ಸೂಜಿ ಚುಚ್ಚಿದವಳು ಯಾರು ಅಂತ ಕೇಳಲಿಲ್ಲ.

ಕೆಲವು ದಿನಗಳಲ್ಲಿ ಹಸಿರು ಪಟ್ಟಿ ಹೋಯಿತು. 'ತುರ್ತು ಅವಧಿ ಮುಗಿದಿದೆ' ಅಂತ ಬಂತು. ನಾವಿನ್ನೂ ಟೆಂಟಿನಲ್ಲೇ ಇದ್ದೆವು. ಯಾರೋ ಆ ದಿನದ ವಿಡಿಯೊ ಹರಿಬಿಟ್ಟಿದ್ದರು. ಅದರಲ್ಲಿನ ದನಿ ಗುರುತಿಸಿ ಓರಗಿತ್ತಿಯನ್ನು ಕೆಲಸದಿಂದ ತೆಗೆದರು. ಅವಳು ಸೇತುವೆ ದಾಟಿ ನಡೆದು ಬಂದಳು. ಬಿಳಿ ಶೂ ಕೆಸರಾಗಿತ್ತು. ನನಗೆ ಒಳಗೊಳಗೇ ಹಿತವಾಗಬೇಕಿತ್ತು, ಆಗಲಿಲ್ಲ. ಇಲ್ಲೂ ಎಲ್ಲರೂ ಅವಳ ಸುತ್ತಲೇ ಕೂತರು. ಅದು ಮಾತ್ರ ಚುಚ್ಚಿತು.

ಆರೋಗ್ಯಾಧಿಕಾರಿ ದೊಡ್ಡ ಆಸ್ಪತ್ರೆಯ ವಕೀಲನನ್ನು ಕರೆದುಕೊಂಡು ಟೆಂಟಿಗೆ ಬಂದರು.

"ಆ ಪುಟದ ನಕಲು ಯಾರ ಹತ್ರ ಇದೆ? ಒಪ್ಪಿಸಿಬಿಡಿ, ಜಪ್ತಿ ಮಾಡ್ಬೇಕು."

ಓರಗಿತ್ತಿ ತಲೆ ತಗ್ಗಿಸಿದಳು. ವೆಲ್ಡರ್ ಎದ್ದು ನಿಂತ.

"ನನ್ನ ಹತ್ರ ಇದೆ ಸಾರ್. ಭಾರ ಎತ್ತೋ ಮುಂಚೆ ಸೂಜಿ."

"ಬರೀ ಉಪ್ಪುನೀರಿನ ಬಾಟಲಿ" ಅಂದಳು ಅವತ್ತು ಅಗೆಯಲು ಬಂದಿದ್ದ ಇಟ್ಟಿಗೆ ಹೊರುವವಳು.

ಹಿಂದಿನಿಂದ ಗಾರೆಯವನ ಹೆಂಡತಿ ಎದ್ದಳು. "ಹೊರಗೆ ಬಂದ ಮೇಲೂ ನಿಲ್ಲಿಸಬೇಡಿ" ಅಂದಳು. "ಮೂತ್ರ ನೋಡಿ." ಅವಳು ಅಧಿಕಾರಿಯ ಮುಖವನ್ನೇ ನೋಡುತ್ತಿದ್ದಳು.

"ಮಾಡ್ಕೊಳ್ಳಿ ಸಾರ್ ಜಪ್ತಿ" ಅಂತ ಡ್ರೈವರು ಬಾಯಿ ಅಗಲಿಸಿ ತೋರಿಸಿದ.

ಎಲ್ಲರದೂ ಓರಗಿತ್ತಿಯದೇ ರಾಗ, ಅವಳು ನಿಲ್ಲಿಸಿದಲ್ಲೇ ನಿಲ್ಲಿಸುತ್ತಿದ್ದರು. ನನ್ನ ಹೊಟ್ಟೆ ಉರಿಯಿತು. ಆದರೆ ಮೂರನೆಯ ಸಾಲು ಬಿಟ್ಟುಹೋಗಿತ್ತು.

ನಾನು ಎದ್ದು ನಿಂತೆ.

"ಆರ್.ಎಲ್. ಬಾಟಲಿ ಬೇಡ, ಅದರಲ್ಲಿ ಪೊಟ್ಯಾಸಿಯಂ ಇದೆ" ಅಂದೆ. ಎರಡು ಸಲ.